ಬಿಳಿಯ ಮುಂದೆ ಬಿಳಿ, ಕಪ್ಪಿನ ಮುಂದೆ ಕಪ್ಪು



ಅಂಟಾರ್ಕ್ಟಿಕಾದ ಹಕ್ಕಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಪೆಂಗ್ವಿನ್. ನಿಂತಲ್ಲಿ ನಿಲ್ಲುವ ಸಾಧು ಪ್ರಾಣಿ, ಫೋಟೋ ತೆಗೆಯುವವರಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ನಾನು ಇವತ್ತು ಮಾತಾಡುವುದು ಹಾರುವ ಕಡಲಹಕ್ಕಿಗಳ ಬಗ್ಗೆ. ತೇಲುವ ಹಿಮಗುಡ್ಡಗಳ ನಡುವೆ, ಗಾಳಿ ತುಂಬಿದ ಸಣ್ಣ ರಬ್ಬರ್ ದೋಣಿಯಲ್ಲಿ ಕೂತು ಅವುಗಳ ಚಿತ್ರ ತೆಗೆಯುವ ಕಷ್ಟದ ಬಗ್ಗೆ.

ಅಂಟಾರ್ಕ್ಟಿಕ ಪರ್ಯಾಯದ್ವೀಪದ ಬೇಸಿಗೆ ನವೆಂಬರಿನಿಂದ ಮಾರ್ಚ್‌ವರೆಗೆ. ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ಏಣಿ ಇಳಿದು ರಬ್ಬರ್ ದೋಣಿ ಹತ್ತಬೇಕು. ದೋಣಿಯಲ್ಲಿ ಎದ್ದು ನಿಲ್ಲುವಂತಿಲ್ಲ, ಮುಕ್ಕಾಲಿ ಇಡುವಂತಿಲ್ಲ. ಭಾರಿ ಲೆನ್ಸ್ ಹೊತ್ತು ಹೋದವರು ಮೊದಲ ಅರ್ಧ ಗಂಟೆಯಲ್ಲೇ ಪಶ್ಚಾತ್ತಾಪಪಡುತ್ತಾರೆ. ಕೈಯಲ್ಲಿ ಹಿಡಿದು ತಿರುಗಿಸಬಲ್ಲ 300 ಮಿ.ಮೀ. ಲೆನ್ಸ್ ಸಾಕು. ಒಂದು ಅನುಕೂಲವೂ ಉಂಟು: ಕೂತಾಗ ನಮ್ಮ ಕಣ್ಣು ನೀರಿನ ಮಟ್ಟಕ್ಕೆ ಹತ್ತಿರವಾಗುತ್ತದೆ. ಹಡಗಿನ ಮೇಲಿಂದ ಹಕ್ಕಿಯ ಬೆನ್ನು ಕಂಡರೆ ಇಲ್ಲಿಂದ ಅದರ ಮುಖ ಕಾಣುತ್ತದೆ.

ಹಿಮಗುಡ್ಡ ಸುಮ್ಮನೆ ನಿಂತಿದೆ ಎಂದುಕೊಂಡರೆ ತಪ್ಪು. ಅದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರೊಳಗಿರುತ್ತದೆ. ಅಡಿಭಾಗ ಕರಗುತ್ತಾ ಹೋಗಿ ಸಮತೋಲ ತಪ್ಪಿದರೆ ಇಡೀ ಗುಡ್ಡ ಮಗುಚಿಕೊಳ್ಳುತ್ತದೆ. ಅದು ಎಬ್ಬಿಸುವ ಅಲೆ ಸಣ್ಣ ದೋಣಿಯನ್ನು ಬಿಡುವುದಿಲ್ಲ. ಆದ್ದರಿಂದ ದೋಣಿ ನಡೆಸುವವನು ಗುಡ್ಡದ ಎತ್ತರದ ಕೆಲವು ಪಟ್ಟು ದೂರದಲ್ಲೇ ಸುತ್ತುತ್ತಾನೆ. 'ಇನ್ನೊಂದು ಸ್ವಲ್ಪ ಹತ್ತಿರ' ಎಂದು ಅವನನ್ನು ಪೀಡಿಸುವ ಛಾಯಾಗ್ರಾಹಕರನ್ನು ನೋಡಿದ್ದೇನೆ. ಒಮ್ಮೆ ನಾನೂ ಪೀಡಿಸಿದ್ದೆ. ಅವನು ಉತ್ತರ ಕೊಡಲಿಲ್ಲ, ದೋಣಿ ತಿರುಗಿಸಿದ. ಸರಿಯಾಗಿಯೇ ಮಾಡಿದ.

ಇನ್ನು ಬೆಳಕು. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಬುದ್ಧಿ ಇಲ್ಲ. ಎದುರಿಗೆ ಏನಿದ್ದರೂ ಅದು ನಡುಬೂದು ಬಣ್ಣದ್ದೆಂದೇ ಲೆಕ್ಕ ಹಾಕುತ್ತದೆ. ಬಿಳಿ ಹಿಮ ಕಂಡಾಗ 'ಬೆಳಕು ಹೆಚ್ಚಾಯಿತು' ಎಂದು ಕಡಿಮೆ ಮಾಡುತ್ತದೆ. ಹಿಮ ಹೊಗೆ ಹಿಡಿದ ಗೋಡೆಯಂತಾಗುತ್ತದೆ. ಅದಕ್ಕೆ ಒಂದು, ಒಂದೂವರೆ ಸ್ಟಾಪ್ ನಾವೇ ಹೆಚ್ಚಿಸಬೇಕು.

ಸ್ನೋ ಪೆಟ್ರೆಲ್ ಎಂಬ ಹಕ್ಕಿಯಿದೆ. ಕಣ್ಣು, ಕೊಕ್ಕು ಕಪ್ಪು. ಉಳಿದದ್ದೆಲ್ಲ ಹಾಲಿನ ಬಿಳುಪು. ಹಿಮ ಬಿಟ್ಟು ಅದು ಹೆಚ್ಚು ದೂರ ಹೋಗುವುದಿಲ್ಲ. ಬಿಳಿ ಗುಡ್ಡದ ಮುಂದೆ ಅದು ಹಾರಿದಾಗ ಕಾಣುವುದು ಎರಡು ಕಪ್ಪು ಚುಕ್ಕೆ ಮಾತ್ರ. ಮೊದಲ ದಿನ ನಾನು ತೆಗೆದ ಚಿತ್ರಗಳನ್ನು ರಾತ್ರಿ ತೆರೆದು ನೋಡಿದರೆ, ಹಿಮಗುಡ್ಡಗಳು ಸೊಗಸಾಗಿದ್ದವು, ಹಕ್ಕಿ ಒಂದರಲ್ಲೂ ಇರಲಿಲ್ಲ. ಇದ್ದವು, ಆದರೆ ಬಿಳಿಯಲ್ಲಿ ಬಿಳಿಯಾಗಿ ಕರಗಿದ್ದವು. ಉಪಾಯ ಸರಳ. ಹಕ್ಕಿ ಗುಡ್ಡವನ್ನು ದಾಟಿ ಕಪ್ಪು ನೀರಿನ ಮುಂದೆ ಬರುವವರೆಗೆ ಕಾಯಬೇಕು. ಮೋಡ ಕವಿದ ದಿನವಾದರೆ ಇನ್ನೂ ಒಳ್ಳೆಯದು, ರೆಕ್ಕೆಯ ನೆರಳು ಉಳಿಯುತ್ತದೆ.

ಕಾಯುವುದು ಎಂದಾಗ ನನಗೆ ಫ್ರ್ಯಾಂಕ್ ಹರ್ಲಿ ನೆನಪಾಗುತ್ತಾನೆ. ಶ್ಯಾಕಲ್ಟನ್‌ನ 'ಎಂಡ್ಯೂರೆನ್ಸ್' ಹಡಗಿನ ಛಾಯಾಗ್ರಾಹಕ. 1915ರಲ್ಲಿ ಹಿಮ ಹಡಗನ್ನು ನುಜ್ಜುಗುಜ್ಜು ಮಾಡಿದಾಗ ಕೊರೆಯುವ ನೀರಿಗಿಳಿದು ನೆಗೆಟಿವ್‌ಗಳ ಪೆಟ್ಟಿಗೆ ಎತ್ತಿದ. ಎಲ್ಲವನ್ನೂ ಹೊರಲು ಸಾಧ್ಯವಿರಲಿಲ್ಲ. ಸುಮಾರು 120 ಗಾಜಿನ ನೆಗೆಟಿವ್ ಆರಿಸಿಕೊಂಡು, ಮನಸ್ಸು ಬದಲಾಗದಿರಲೆಂದು ಉಳಿದ ಸುಮಾರು 400ನ್ನು ಅಲ್ಲೇ ಒಡೆದುಹಾಕಿದರು. ಅನಂತರ ಅವನ ಬಳಿ ಉಳಿದದ್ದು ಒಂದು ಜೇಬಿನ ಕೊಡಾಕ್, ಮೂರು ಸುರುಳಿ ಫಿಲ್ಮ್. 1916ರ ಏಪ್ರಿಲ್‌ನಲ್ಲಿ 28 ಜನ ಮೂರು ಸಣ್ಣ ದೋಣಿಗಳಲ್ಲಿ ಹಿಮದ ನಡುವೆ ಎಲಿಫೆಂಟ್ ದ್ವೀಪ ಸೇರಿದಾಗ ಅವನ ಜೊತೆಗಿದ್ದದ್ದು ಅಷ್ಟೇ. ಒಂದು ಬೆಳಗಿಗೆ ಸಾವಿರ ಸಲ ಷಟರ್ ಒತ್ತುವ ನಾವು ಈ ಲೆಕ್ಕವನ್ನು ಆಗಾಗ ನೆನೆಯಬೇಕು.

ಈಗ ನನ್ನ ಪ್ರೀತಿಯ ಹಕ್ಕಿಗೆ ಬರುತ್ತೇನೆ. ದೋಣಿಯಲ್ಲಿ ಯಾರೂ ಇದರತ್ತ ಕ್ಯಾಮೆರಾ ತಿರುಗಿಸುವುದಿಲ್ಲ. ವಿಲ್ಸನ್ ಸ್ಟಾರ್ಮ್ ಪೆಟ್ರೆಲ್. ತೂಕ ಸುಮಾರು 40 ಗ್ರಾಂ. ಮಸಿಯ ಬಣ್ಣ, ಬಾಲದ ಬುಡದಲ್ಲಿ ಮಾತ್ರ ಒಂದು ಬಿಳಿ ಪಟ್ಟಿ. ರೆಕ್ಕೆ ಎತ್ತಿ, ಉದ್ದ ಕಾಲು ಇಳಿಬಿಟ್ಟು, ನೀರಿನ ಮೇಲೆ ತಟಪಟ ಹೆಜ್ಜೆ ಹಾಕುತ್ತಾ ಸಣ್ಣ ಜೀವಿಗಳನ್ನು ಹೆಕ್ಕುತ್ತದೆ. ಬೆರಳುಗಳ ನಡುವಿನ ಹಳದಿ ಪೊರೆ ಒಳ್ಳೆಯ ಚಿತ್ರದಲ್ಲಿ ಮಾತ್ರ ಕಾಣುವಂಥದು. ಅಂದಹಾಗೆ ಈ ವಿಲ್ಸನ್, ಸ್ಕಾಟ್‌ನೊಂದಿಗೆ ದಕ್ಷಿಣ ಧ್ರುವದಿಂದ ಮರಳುವಾಗ ಸತ್ತ ಎಡ್ವರ್ಡ್ ವಿಲ್ಸನ್ ಅಲ್ಲ. ಅವನಿಗಿಂತ ಸುಮಾರು ನೂರು ವರ್ಷ ಮುಂಚೆ ತೀರಿಕೊಂಡ ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್. ಬಂಡೆಯ ಬಿರುಕುಗಳಲ್ಲಿ ಗೂಡು ಮಾಡುವ ಈ ಹಕ್ಕಿ ಸ್ಕುವಾಗಳಿಗೆ ಹೆದರಿ ರಾತ್ರಿಯೇ ಗೂಡಿಗೆ ಬರುತ್ತದೆ. ಬೆಳಕಿಗೆ ಮರುಳಾಗಿ ಹಡಗಿಗೆ ಬಡಿದು ಬೀಳುವುದೂ ಉಂಟು. ಅದಕ್ಕೇ ಅಲ್ಲಿ ಸಂಜೆಯಾದೊಡನೆ ಹಡಗಿನ ಕಿಟಕಿಗಳ ಪರದೆ ಎಳೆಯುತ್ತಾರೆ.

2023ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ದಕ್ಷಿಣ ಜಾರ್ಜಿಯಾಕ್ಕೆ ಕಾಲಿಟ್ಟಿತು. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ನೆಲದ ಮೇಲೆಯೇ, ಸತ್ತ ಸ್ಕುವಾಗಳಲ್ಲಿ, ದೃಢಪಟ್ಟಿತು. ಈಗ ರೋಗದ ಶಂಕೆ ಇರುವ ಕಡೆ ಪ್ರವಾಸಿಗಳನ್ನು ದಡಕ್ಕೆ ಇಳಿಸುವುದಿಲ್ಲ. ನೋಡುವುದೆಲ್ಲ ದೋಣಿಯಿಂದಲೇ. ಗುಂಪು ಬಿಟ್ಟು ರೆಕ್ಕೆ ಜೋತುಬಿಟ್ಟು ಕೂತ ಹಕ್ಕಿ ಉದ್ದ ಲೆನ್ಸಿನಲ್ಲಿ ಬರಿಗಣ್ಣಿಗಿಂತ ಮೊದಲೇ ಕಾಣುತ್ತದೆ. ಅಂಥ ಚಿತ್ರ ಸ್ಪರ್ಧೆಗೆ ಕಳಿಸಲು ಬರುವುದಿಲ್ಲ, ಮಾರ್ಗದರ್ಶಿಗೆ ತೋರಿಸಬೇಕು.

ಅಂಟಾರ್ಕ್ಟಿಕಾದಲ್ಲಿ ಚಳಿಗಾಲ ಬಂತೆಂದರೆ ನಮ್ಮ ಈ ಪುಟ್ಟ ಕಪ್ಪು ಹಕ್ಕಿ ಸಮಭಾಜಕ ದಾಟಿ ಉತ್ತರಕ್ಕೆ ಬರುತ್ತದೆ, ಅರಬ್ಬಿ ಸಮುದ್ರಕ್ಕೂ. ಮಳೆಗಾಲದ ತಿಂಗಳುಗಳಲ್ಲಿ ನಮ್ಮ ಕರಾವಳಿಯಾಚೆಯ ಆಳಸಮುದ್ರದಲ್ಲಿ ಅದು ಕಾಣಸಿಗುತ್ತದೆ. ಜೂನ್, ಜುಲೈನಲ್ಲಿ ಯಂತ್ರದ ದೋಣಿಗಳಿಗೆ ನಿಷೇಧ, ನೋಡುವವರೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಮಲ್ಪೆಯ ದೋಣಿಗಳು ಮತ್ತೆ ಹೊರಡುತ್ತವೆ. ಹಡಗು, ದೋಣಿಗಳ ಹಿಂದೆ ಬರುವುದು ಈ ಹಕ್ಕಿಯ ಹಳೆಯ ಅಭ್ಯಾಸ. ಕಡಲಿಗೆ ಹೋಗುವ ಬಂಧುಗಳು ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಹೇಳಿಡಿ: ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ, ಬಾಲದ ಬುಡ ಬೆಳ್ಳಗಿರುವ ಕಪ್ಪು ಹಕ್ಕಿ ನೀರಿನ ಮೇಲೆ ನಡೆಯುವುದು ಕಂಡರೆ ಮೊಬೈಲಿನಲ್ಲಾದರೂ ಒಂದು ಚಿತ್ರ ತೆಗೆಯಲಿ, ದಿನಾಂಕ ಬರೆದಿಡಲಿ. ಅಲ್ಲಿ ಹಿನ್ನೆಲೆಗೆ ಹಿಮಗುಡ್ಡ ಇರುವುದಿಲ್ಲ, ಅಷ್ಟೇ.