21 ದಿನದ ಗುಳಿಗೆ
(ಡೊಂಬಿವಲಿಯ ಸಭೆಯಲ್ಲಿ ಮಾಡಿದ ಭಾಷಣ)

ಕಲ್ಯಾಣದ ಹೋಟೆಲಿನಲ್ಲಿ ನನ್ನೊಡನೆ ದುಡಿದ ಅಡಿಗೆಯಣ್ಣನಿಗೆ ಮಿದುಳಿನ ನಾಳದ ಉಬ್ಬು ಒಡೆದು ರಕ್ತ ಸೋರಿತು. ಆಸ್ಪತ್ರೆಯವರು ಅದನ್ನು ಮುಚ್ಚಿ, ಉಳಿದ ದಿನಗಳ ಔಷಧ ಕೊಟ್ಟು ಖೋಲಿಗೆ ಕಳುಹಿಸಿದರು. ನಿಮೋಡಿಪಿನ್: 30 ಮಿಲಿಗ್ರಾಮಿನ 2 ಗುಳಿಗೆ, 4 ತಾಸಿಗೊಮ್ಮೆ, ಒಟ್ಟು 21 ದಿನ.

ಸ್ರಾವ ನಿಂತ ಮೇಲೂ ನಾಳಗಳು ಬಿಗಿದು ಮಿದುಳಿಗೆ ರಕ್ತ ಸಾಲದಾಗಬಹುದು. ಆ ಹಾನಿಯನ್ನು ತಗ್ಗಿಸಲು ಈ ಗುಳಿಗೆ. 1989ರ ಬ್ರಿಟಿಷ್ ಪರೀಕ್ಷೆಯಲ್ಲಿ ಅದು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗಿತ್ತು.

ರಾತ್ರಿ 2ಕ್ಕೆ ಕೊಡುವವರು ಯಾರು? ಕೊನೆಯ ಗಾಡಿಗೆ ಬರುವ ಮಾಣಿ ಒಪ್ಪಿದ. ಬೆಳಗಿನ 6 ನನ್ನ ಪಾಳಿ. ತಲೆ ಸುತ್ತಿದರೆ ರಕ್ತದೊತ್ತಡ ಇಳಿದಿರಬಹುದು. ಕೂಡಲೇ ವೈದ್ಯರಿಗೆ ತಿಳಿಸಬೇಕು, ನಾವಾಗಿ ನಿಲ್ಲಿಸಬಾರದು.

21 ದಿನವೂ ಒಂದು ಹೊತ್ತು ತಪ್ಪಲಿಲ್ಲ. ಬಂಧುಗಳೇ, ಸಂಘಕ್ಕೆ ಚಂದಾ ಕೊಟ್ಟರೆ ಸಾಲದು, ಪಾಳಿಗೂ ಎದ್ದೇಳಿ.