ಅನುಪಮಾ ನಿರಂಜನ: ದೇಹದ ಅರಿವು ಮತ್ತು ಸಮ್ಮತಿಯ ಪ್ರಶ್ನೆ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ಮತ್ತು ಸಂಶೋಧಕರು ಒಂದೆಡೆ ಸೇರಿ ಲೈಂಗಿಕ ಶಿಕ್ಷಣವನ್ನು ಚರ್ಚೆಗೆ ಎತ್ತಿಕೊಂಡಿರುವ ಈ ವಿಚಾರ ಸಂಕಿರಣವು, ಕನ್ನಡದಲ್ಲಿ ಆ ಚರ್ಚೆಗೆ ನೆಲವನ್ನು ಹದಮಾಡಿದ ವೈದ್ಯೆ ಹಾಗೂ ಲೇಖಕಿ ಡಾ. ಅನುಪಮಾ ನಿರಂಜನ ಅವರಿಂದ ಆರಂಭವಾಗುವುದು ಉಚಿತವಾಗಿದೆ. ಸಮ್ಮತಿ, ಅಂದರೆ ಭಯ, ಒತ್ತಡ, ಆಮಿಷಗಳಿಲ್ಲದೆ ವ್ಯಕ್ತಿಯೊಬ್ಬರು ತಿಳಿದು ನೀಡುವ ಮತ್ತು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಾದ ಒಪ್ಪಿಗೆ, ಅವರ ವೈದ್ಯಕೀಯ ಬರಹಕ್ಕಿಂತ ಕಥನದಲ್ಲಿಯೇ ಹೆಚ್ಚು ಗಾಢವಾಗಿ ಮೂಡಿದೆ ಎಂಬುದನ್ನು ವಿಮರ್ಶೆ ಇನ್ನೂ ಸಾಕಷ್ಟು ಗಮನಿಸಿಲ್ಲ.

1934ರಲ್ಲಿ ತೀರ್ಥಹಳ್ಳಿಯಲ್ಲಿ ವೆಂಕಟಲಕ್ಷ್ಮಿಯಾಗಿ ಹುಟ್ಟಿ, ಮೈಸೂರಿನಲ್ಲಿ ವೈದ್ಯಕೀಯ ಓದಿ, ಕಾದಂಬರಿಕಾರ ನಿರಂಜನರನ್ನು ವರಿಸಿ, ಧಾರವಾಡ ಮತ್ತು ಬೆಂಗಳೂರುಗಳಲ್ಲಿ ವೃತ್ತಿ ನಡೆಸಿದ ಅವರು, 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಬರವಣಿಗೆಯನ್ನು ಚಿಕಿತ್ಸೆಯಷ್ಟೇ ಹೊಣೆಯ ಕೆಲಸವೆಂದು ನಂಬಿದ್ದರು. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಮೊದಲಾದ ಕೃತಿಗಳು ಮುಟ್ಟು, ಕೂಡುವಿಕೆ, ಬಸಿರು, ಬಾಣಂತನಗಳನ್ನು ನಾಚಿಕೆಯ ವಿಷಯಗಳಾಗಿ ಅಲ್ಲ, ತಿಳಿವಳಿಕೆಯ ವಿಷಯಗಳಾಗಿ ಮನೆಯೊಳಗೆ ತಂದವು.

ಈ ಕೊಡುಗೆಯ ತೂಕವನ್ನು ಅರಿಯಲು ಮೈಸೂರು ಸೀಮೆಯ ಆಡಳಿತದ ಚರಿತ್ರೆಯನ್ನು ನೆನೆಯಬೇಕು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಕೊನೆಗೊಳಿಸಿತು. 1930ರ ಜೂನ್‌ನಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿ ಜಗತ್ತಿನಲ್ಲೇ ಮೊದಲನೆಯದೆನಿಸಿತು. ಎರಡೂ ದಿಟ್ಟ ಕ್ರಮಗಳೇ. ಆದರೆ ಮೊದಲನೆಯದರಲ್ಲಿ ಹೆಣ್ಣಿನ ದೇಹ ಧರ್ಮದ ಶುದ್ಧಿಯ ಪ್ರಶ್ನೆಯಾಗಿ, ಎರಡನೆಯದರಲ್ಲಿ ಜನಸಂಖ್ಯೆಯ ಪ್ರಶ್ನೆಯಾಗಿ ಕಂಡಿತೇ ಹೊರತು ಆ ದೇಹದೊಳಗೆ ಬದುಕುವವಳ ಇಚ್ಛೆಯ ಪ್ರಶ್ನೆಯಾಗಿ ಕಾಣಲಿಲ್ಲ.

ಆ ಇಚ್ಛೆಯನ್ನು ಅನುಪಮಾ ‘ಮಾಧವಿ’ ಕಾದಂಬರಿಯಲ್ಲಿ ನಡುವಿಗೆ ತಂದರು. ಮಹಾಭಾರತದ ಉದ್ಯೋಗಪರ್ವದ ಈ ಕಥೆಯಲ್ಲಿ ಗುರುದಕ್ಷಿಣೆಗಾಗಿ ಒಂದು ಕಿವಿ ಮಾತ್ರ ಕಪ್ಪಾದ 800 ಬಿಳಿ ಕುದುರೆಗಳನ್ನು ಹುಡುಕುತ್ತ ಬಂದ ಗಾಲವನಿಗೆ ಅರಸ ಯಯಾತಿ ತನ್ನ ಮಗಳು ಮಾಧವಿಯನ್ನೇ ಕೊಟ್ಟುಬಿಡುತ್ತಾನೆ. ಮೂವರು ಅರಸರು ತಲಾ 200 ಕುದುರೆಗಳಿಗೆ ಬದಲಾಗಿ ಅವಳಿಂದ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ, ಉಳಿದದ್ದಕ್ಕೆ ಗುರು ವಿಶ್ವಾಮಿತ್ರನೇ ಅವಳನ್ನು ಸ್ವೀಕರಿಸುತ್ತಾನೆ, ಕೊನೆಯಲ್ಲಿ ಸ್ವಯಂವರ ಏರ್ಪಟ್ಟಾಗ ಅವಳು ಕಾಡನ್ನು ಆರಿಸಿಕೊಳ್ಳುತ್ತಾಳೆ. ತಂದೆಯ ದಾನಶೀಲತೆಯನ್ನೂ ಶಿಷ್ಯನ ನಿಷ್ಠೆಯನ್ನೂ ಹೊಗಳುವ ಕಥೆಯೊಂದನ್ನು ಮಗಳ ಕಡೆಯಿಂದ ಓದಿದಾಗ ಅದು ಸಮ್ಮತಿಯಿಲ್ಲದ ಬದುಕಿನ ದಾಖಲೆಯಾಗುತ್ತದೆ. ಹೆರಿಗೆ ಮಾಡಿಸಿದ ಕೈಯೇ ಇದನ್ನು ಬರೆಯಿತೆಂಬುದು ಆಕಸ್ಮಿಕವಲ್ಲ.

ಕಾನೂನು ಈ ಹಾದಿಗೆ ತಡವಾಗಿ ಬಂದಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದಷ್ಟೇ ಒಪ್ಪಿಗೆಯಾಗದು ಎಂದು ಅತ್ಯಾಚಾರದ ಕಾನೂನಿಗೆ ತಂದ 2013ರ ತಿದ್ದುಪಡಿ ಸ್ಪಷ್ಟಪಡಿಸಿತು. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿಯನ್ನು ಕರ್ನಾಟಕ ತಂದಿತು. 18 ತುಂಬದ ಪತ್ನಿಯೊಡನೆ ನಡೆಸುವ ಸಂಭೋಗವೂ ಅತ್ಯಾಚಾರವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿತು. ವಯಸ್ಕ ಪತ್ನಿಯ ವಿಷಯದಲ್ಲಿ ಗಂಡನಿಗೆ ಇರುವ ವಿನಾಯಿತಿ ಮಾತ್ರ ಉಳಿಯಿತು. ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಗೊಳಿಸಲು ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ನಿರಾಕರಿಸಿದರೂ ಆ ವಿಚಾರಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ವಿನಾಯಿತಿಯನ್ನು ಉಳಿಸಿಕೊಂಡಿತು. ಮದುವೆಯೇ ಶಾಶ್ವತ ಒಪ್ಪಿಗೆ ಎಂಬ ಈ ನಿಲುವು ಅನ್ಯಾಯದ್ದು.

ಕಪಿಲೆಯ ದಡದ ಈ ಎರಡು ತಾಲ್ಲೂಕುಗಳ ಸೀಮೆಯಲ್ಲಿ ಹುಡುಗಿ ಮೈನೆರೆದಾಗ ಸೋದರಮಾವ ಗುಡ್ಲು ಹಾಕುವ ಪದ್ಧತಿ ಇದೆ. ಸುದ್ದಿ ಬೀದಿಗೆಲ್ಲ ತಿಳಿಯುತ್ತದೆ, ಆದರೆ ಅವಳ ಮೈಯಲ್ಲಿ ಆದದ್ದೇನೆಂದು ಅವಳಿಗೆ ಬಿಡಿಸಿ ಹೇಳುವವರು ಅಪರೂಪ. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ, ಅಂದರೆ ಹದಿಹರೆಯದ ಆರೋಗ್ಯ ಮತ್ತು ಆಪ್ತಸಮಾಲೋಚನೆಯ ಕೇಂದ್ರಗಳಿವೆ, ಆದರೆ 2007ರಲ್ಲಿ ಹದಿಹರೆಯದ ಶಿಕ್ಷಣವನ್ನು ವಿರೋಧಿಸಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತೆಂಬ ಹಿನ್ನೆಲೆಯಲ್ಲಿ, ಶಿಕ್ಷಕರ ಹಿಂಜರಿಕೆಯನ್ನು ಕೇವಲ ವೈಯಕ್ತಿಕ ಸಂಕೋಚವೆಂದು ತಳ್ಳಿಹಾಕಲಾಗದು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಹುಡುಗನೂ ವರನೂ ಕೇಳಬೇಕಾದ ಮಾತನ್ನು ಸಮಾಜವು ಕಿಶೋರಿಗೂ ವಧುವಿಗೂ ಮಾತ್ರ ಹೇಳುತ್ತ ಬಂದಿರುವುದು. ಆದ್ದರಿಂದ ಈ ಸಂಕಿರಣದ ಗೋಷ್ಠಿಗಳು ಪ್ರಬಂಧ ಮಂಡನೆಗೆ ನಿಲ್ಲದೆ, ಎರಡೂ ತಾಲ್ಲೂಕುಗಳ ಬಾಲಕರ ವಿದ್ಯಾರ್ಥಿನಿಲಯಗಳಲ್ಲಿ ನಡೆಸಬಹುದಾದ ಪಾಠವೊಂದನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿ, ಅದನ್ನು ಇದೇ ಶೈಕ್ಷಣಿಕ ವರ್ಷದಲ್ಲಿ ಆರಂಭಿಸಬೇಕು.