ಅರ್ಜಿಯಲ್ಲಿ ಏನನ್ನು ಎಣಿಸುತ್ತೇವೆ?

(ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ವರದಕ್ಷಿಣೆ ಮತ್ತು ಕೌಟುಂಬಿಕ ಹಿಂಸೆಯ ಬಗ್ಗೆ ಚರ್ಚಿಸಲು ಸೇರಿದ ಸಭೆಯಲ್ಲಿ ಹಣದ ಅರ್ಜಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ನಿವೃತ್ತಳಾದ ಮೇಲೆ ನಿಮ್ಮಂಥ ಸಂಘಟನೆಗಳ ಲೆಕ್ಕಪತ್ರ ಮತ್ತು ಅರ್ಜಿಗಳನ್ನು ನೋಡಿಕೊಡುತ್ತಾ ಬಂದಿದ್ದೇನೆ. ಆ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಅರ್ಜಿಯಲ್ಲಿ ನಾವು ಯಾವುದನ್ನು ಎಣಿಸಿ ತೋರಿಸುತ್ತೇವೋ, ನಾಳೆ ನಮ್ಮ ಕೆಲಸವೂ ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದ ಅರ್ಜಿ ಬರೆಯುವುದು ಗುಮಾಸ್ತಿಕೆಯಲ್ಲ, ಅದೂ ನಮ್ಮ ಹೋರಾಟದ ಭಾಗ.

ನಮ್ಮ ಊರಿನಲ್ಲಿ ದಾನಿಗಳಿಗೆ ಬರವಿಲ್ಲ. 1916ರಲ್ಲಿ ಆರಂಭವಾದ ವೀರಶೈವ ವಿದ್ಯಾವರ್ಧಕ ಸಂಘ ಬೆಳೆದದ್ದು ಮನೆತನಗಳ ದಾನದಿಂದ. ಅಲ್ಲಂ ಸುಮಂಗಳಮ್ಮ ಸ್ಮಾರಕ ಮಹಿಳಾ ಕಾಲೇಜು, ಸರಳಾದೇವಿ ಸತೀಶ್ಚಂದ್ರ ಅಗರವಾಲ್ ಸರ್ಕಾರಿ ಕಾಲೇಜು, ಎರಡೂ ಹೆಣ್ಣುಮಕ್ಕಳ ಹೆಸರನ್ನೇ ಹೊತ್ತು ನಿಂತಿವೆ. ಕಟ್ಟಡಕ್ಕೆ ಹಣ ಬರುತ್ತದೆ, ಏಕೆಂದರೆ ಕಟ್ಟಡಕ್ಕೆ ಕಲ್ಲು ಇದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ರಾತ್ರಿ ಹತ್ತು ಗಂಟೆಗೆ ಹೊಡೆತ ತಿಂದು ಬಂದವಳ ಜೊತೆ ಠಾಣೆಗೆ ಹೋಗುವ ನಮ್ಮ ಕೆಲಸಕ್ಕೆ ಕಲ್ಲು ಎಲ್ಲಿದೆ?

ಹಾಗೆಂದು ಮನೆತನದ ಹಣ ಇಂಥ ಕೆಲಸಕ್ಕೆ ಒಲಿಯುವುದೇ ಇಲ್ಲ ಎನ್ನಬೇಡಿ. 1932ರಲ್ಲಿ ಸರ್ ದೊರಾಬ್ಜಿ ಟಾಟಾ ತಮ್ಮ ಸಂಪತ್ತನ್ನೆಲ್ಲ ದತ್ತಿಗೆ ಬಿಟ್ಟರು. ಪತ್ನಿ ಮೆಹರ್‌ಬಾಯಿ ಧರಿಸುತ್ತಿದ್ದ ಜ್ಯೂಬಿಲಿ ವಜ್ರವೂ ಅದರಲ್ಲಿತ್ತು. ಆ ದತ್ತಿಯ ನೆರವಿನಿಂದ 1936ರಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯದ ಶಾಲೆ ಶುರುವಾಯಿತು, ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1984ರಲ್ಲಿ ಆ ಸಂಸ್ಥೆ ಮುಂಬಯಿ ಪೊಲೀಸ್ ಕಮಿಷನರ್ ಕಚೇರಿಯೊಳಗೇ ಹಿಂಸೆಗೊಳಗಾದ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ತೆರೆಯಿತು. ವಜ್ರದಿಂದ ಪೊಲೀಸ್ ಕಚೇರಿಯ ಬೆಂಚಿನವರೆಗೆ ಬರಲು ಐವತ್ತು ವರ್ಷ ಹಿಡಿಯಿತು, ಆದರೆ ಬಂತು.

ಈಗ ನಮ್ಮ ರಾಜ್ಯದಲ್ಲೂ ಇಂಥ ಪ್ರತಿಷ್ಠಾನಗಳಿವೆ. ಗುರುರಾಜ ಮತ್ತು ಜಯಶ್ರೀ ದೇಶಪಾಂಡೆ ದಂಪತಿ 1996ರಲ್ಲಿ ಸ್ಥಾಪಿಸಿದ ದೇಶಪಾಂಡೆ ಪ್ರತಿಷ್ಠಾನ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡಿದೆ. ಅದರ ಒಲವು ಕೃಷಿ, ಕೌಶಲ ತರಬೇತಿ, ಉದ್ಯಮಗಳ ಕಡೆಗೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಶಾಲಾ ಶಿಕ್ಷಣದಿಂದ ಆರಂಭಿಸಿ, ಮುಂದೆ ಬೇರೆ ಸಂಸ್ಥೆಗಳಿಗೂ ಅನುದಾನ ಕೊಡತೊಡಗಿತು. ಯಾರ ಒಲವು ಯಾವುದು, ಯಾವ ಜಿಲ್ಲೆಗೆ ಕೊಡುತ್ತಾರೆ ಎಂದು ಮೊದಲು ತಿಳಿದುಕೊಳ್ಳಿ. ಒಂದೇ ಅರ್ಜಿಯನ್ನು ಹತ್ತು ಕಡೆ ಕಳಿಸಿದರೆ ಹತ್ತೂ ಕಡೆಯಿಂದ ಇಲ್ಲವೆಂದೇ ಉತ್ತರ ಬರುತ್ತದೆ.

ಸ್ಥಳೀಯ ದತ್ತಿಗಳ ಮಹತ್ವ ಹೆಚ್ಚಲು ಇನ್ನೊಂದು ಕಾರಣವಿದೆ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ, ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಸಣ್ಣ ಊರಿನ ಗುಂಪುಗಳಿಗೆ ಹರಿಯುತ್ತಿದ್ದ ಆ ಕಾಲುವೆ ಮುಚ್ಚಿತು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಸಂಘದ ನೋಂದಣಿ, ನಿಯಮಾವಳಿ, ಮೂರು ವರ್ಷದ ಲೆಕ್ಕಪರಿಶೋಧನೆ, ಸಂಘದ ಹೆಸರಿನ ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯ ನೋಂದಣಿ. ಒಮ್ಮೆ ಪಡೆದರೆ ಮುಗಿಯಿತು ಎಂಬ ಕಾಲ 2021ಕ್ಕೆ ಹೋಯಿತು, ತೆರಿಗೆ ನೋಂದಣಿಯನ್ನು ಅವಧಿಗೆ ಸರಿಯಾಗಿ ನವೀಕರಿಸಬೇಕು. ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು, ಆ ಫೈಲು ಎಲ್ಲಿದೆ ಎಂದು ಕನಿಷ್ಠ ಇಬ್ಬರಿಗಾದರೂ ತಿಳಿದಿರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿರುಗುಪ್ಪದ ಗೆಳತಿಯರು ಒಂದು ಕುಟುಂಬ ಪ್ರತಿಷ್ಠಾನದ ನಮೂನೆ ತಂದು ತೋರಿಸಿದರು. ಅದರ ಹೆಸರು ಇಲ್ಲಿ ಬೇಡ. ಅದರಲ್ಲಿ ಎರಡೇ ಅಂಕಣ: ‘ಬಂದ ಪ್ರಕರಣಗಳೆಷ್ಟು?’ ‘ಒಂದುಗೂಡಿಸಿದ ಕುಟುಂಬಗಳೆಷ್ಟು?’ ನೋಡಲು ಎಷ್ಟು ಸೌಮ್ಯವಾದ ಪ್ರಶ್ನೆ! ಆದರೆ ಎರಡನೆಯ ಅಂಕಣ ತುಂಬಿದರೆ ಮಾತ್ರ ಮುಂದಿನ ವರ್ಷದ ಹಣ ಬರುತ್ತದೆ ಎಂದಾದರೆ, ಬಾಗಿಲಿಗೆ ಬಂದ ಹೆಣ್ಣಿಗೆ ನಾವು ಹೇಳುವುದೇನು? ‘ಸ್ವಲ್ಪ ಹೊಂದಿಕೊಂಡು ಹೋಗವ್ವಾ’ ಎಂದೇ ಅಲ್ಲವೇ? ತವರಿನವರು, ಜಾತಿಯ ಹಿರಿಯರು, ಠಾಣೆಯವರು ಹೇಳಿದ್ದನ್ನೇ ನಾವೂ ಹೇಳುವುದಾದರೆ ಅವಳು ನಮ್ಮ ಹತ್ತಿರ ಬರುವುದೇಕೆ? ಆಕೆ ಮರಳಿ ಹೋಗಿ, ಆರು ತಿಂಗಳಿಗೆ ಸುಟ್ಟ ಮೈಯಲ್ಲಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬಂದರೂ, ಆ ವರ್ಷದ ವರದಿಯಲ್ಲಿ ಆಕೆ ‘ಒಂದಾದ ಕುಟುಂಬ’ವಾಗಿಯೇ ಉಳಿಯುತ್ತಾಳೆ.

ಕಾನೂನು ನಮ್ಮ ಪರವಾಗಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆಯಡಿ 2006ರಲ್ಲಿ ಬಂದ ನಿಯಮಗಳನ್ನು ಓದಿ. ನ್ಯಾಯಾಲಯ ನೇಮಿಸಿದ ಆಪ್ತಸಮಾಲೋಚಕರು ರಾಜಿಗೆ ಪ್ರಯತ್ನಿಸಬೇಕಾದದ್ದು ನೊಂದವಳು ಬಯಸಿದರೆ. ಹಿಂಸೆ ಮಾಡಿದವನು ಅಲ್ಲಿ ಕೂತು ತನ್ನ ಕೃತ್ಯಕ್ಕೆ ಸಮರ್ಥನೆ ಕೊಡುವಂತಿಲ್ಲ. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಯ ಮಾತೂ ಅಲ್ಲಿದೆ. ನ್ಯಾಯಾಲಯವೇ ರಾಜಿಯನ್ನು ಗುರಿಯಾಗಿ ಇಟ್ಟುಕೊಳ್ಳದಿರುವಾಗ ದತ್ತಿಯ ನಮೂನೆ ಏಕೆ ಇಟ್ಟುಕೊಳ್ಳಬೇಕು?

ಸಿರುಗುಪ್ಪದವರು ಆ ಅಂಕಣವನ್ನು ಖಾಲಿ ಬಿಡಲಿಲ್ಲ, ಸುಳ್ಳೂ ಬರೆಯಲಿಲ್ಲ. ಇದನ್ನೆಲ್ಲ ವಿವರಿಸಿ ಅರ್ಧ ಪುಟ ಲಗತ್ತಿಸಿದರು. ತಾವು ಎಣಿಸುವುದೇನೆಂದೂ ಬರೆದರು: ಎಷ್ಟು ಮಹಿಳೆಯರಿಗೆ ತಮ್ಮ ಹಕ್ಕುಗಳ ತಿಳಿವಳಿಕೆ ಸಿಕ್ಕಿತು, ಎಷ್ಟು ಮಂದಿ ರಕ್ಷಣಾ ಆದೇಶಕ್ಕೆ ಅರ್ಜಿ ಹಾಕಿದರು, ಎಷ್ಟು ಮಂದಿಗೆ ಜೀವನಾಂಶ ನಿಜವಾಗಿ ಕೈಗೆ ಬಂತು, ಮರಳಿ ಹೋದವರನ್ನು ಆರು ತಿಂಗಳ ನಂತರ ಎಷ್ಟು ಬಾರಿ ಕಂಡು ಬಂದೆವು. ಪ್ರತಿಷ್ಠಾನದ ವ್ಯವಸ್ಥಾಪಕರು ಫೋನು ಮಾಡಿ ವಿಚಾರಿಸಿದರು. ಮರುವರ್ಷದ ನಮೂನೆಯಲ್ಲಿ ಹಳೆಯ ಅಂಕಣ ಹಾಗೆಯೇ ಇತ್ತು, ಆದರೆ ಪಕ್ಕದಲ್ಲಿ ಇನ್ನೆರಡು ಸೇರಿದ್ದವು. ದಾನಿಗಳಿಗೂ ಕಲಿಯುವ ಮನಸ್ಸಿರುತ್ತದೆ, ಕಲಿಸುವವರು ಬೇಕು.

ಎರಡನೆಯದು, ಫೋಟೋ ಮತ್ತು ಕಥೆ. ‘ನಿಮ್ಮಿಂದ ನೆರವು ಪಡೆದವರ ಜೀವನಗಾಥೆ ಚಿತ್ರಸಹಿತ ಕಳಿಸಿ’ ಎನ್ನುತ್ತಾರೆ. ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಅದು ಸಾಕಾಗಬಹುದು. ಕುರುಗೋಡಿನಂಥ ಊರಿನಲ್ಲಿ ‘ಅಂಗಡಿಯವರ ಎರಡನೇ ಸೊಸೆ, ಎರಡು ಮಕ್ಕಳು’ ಎಂದು ಬರೆದರೆ ಹೆಸರು ಹಾಕಿದಂತೆಯೇ. ಆ ವರದಿ ದಾನಿಯ ಮನೆಯ ಮೇಜಿನ ಮೇಲೆ ಬೀಳುತ್ತದೆ, ಅವರ ಬೀಗರು ಅದೇ ಊರಿನವರಾಗಿರಬಹುದು. ಅವಳ ನೋವು ಅವಳ ಸ್ವತ್ತು, ನಮ್ಮ ಅರ್ಜಿಯ ಬಂಡವಾಳವಲ್ಲ.

ಮೂರನೆಯದು, ಕೇಳುವ ಮೊತ್ತ. ನಮ್ಮ ಹೆಣ್ಣುಮಕ್ಕಳು ಕಡಿಮೆ ಕೇಳುವುದನ್ನೇ ಮರ್ಯಾದೆ ಎಂದು ತಿಳಿದಿದ್ದಾರೆ. ಬ್ಯಾನರು, ಊಟ, ಭಾಷಣಕಾರರ ಶಾಲು ಎಲ್ಲ ಬಜೆಟ್ಟಿನಲ್ಲಿರುತ್ತದೆ, ದಿನವೂ ದುಡಿಯುವ ಕಾರ್ಯಕರ್ತೆಯ ಸಂಬಳ ಮಾತ್ರ ಇರುವುದಿಲ್ಲ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ‘ಬಸ್ಸು ಉಚಿತವಲ್ಲವೇ, ಪ್ರಯಾಣ ವೆಚ್ಚ ಏಕೆ?’ ಎಂದು ಕೇಳುವವರಿದ್ದಾರೆ. ರಾತ್ರಿ ಹೊತ್ತು, ಮಗುವನ್ನೂ ಟ್ರಂಕನ್ನೂ ಹೊತ್ತು ಹಳ್ಳಿಯಿಂದ ಬರುವವಳಿಗೆ ಆ ಹೊತ್ತಿನಲ್ಲಿ ಬಸ್ಸು ಎಲ್ಲಿದೆ ಎಂದು ಬರೆಯಿರಿ. ಕಾಯ್ದೆ ಅರವತ್ತು ದಿನದಲ್ಲಿ ಅರ್ಜಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು ಎನ್ನುತ್ತದೆ, ನ್ಯಾಯಾಲಯದ ಕಟ್ಟೆಯಲ್ಲಿ ಕೂತು ಕಾದವರಿಗೆ ಗೊತ್ತು ಅದು ಎಷ್ಟು ಅರವತ್ತು ದಿನಗಳೆಂದು. ಆದ್ದರಿಂದ ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಕೇಳಿ.

ಕೊನೆಯದು ಸ್ವಲ್ಪ ಕಹಿ ಮಾತು. ಕುಟುಂಬದ ದತ್ತಿ ಎಂದರೆ ಅದರ ಹಿಂದೆ ಒಂದು ಕುಟುಂಬವಿದೆ. ಆ ಮನೆಯಲ್ಲೂ ಸೊಸೆಯಂದಿರಿದ್ದಾರೆ, ಆ ಮನೆಯ ಮದುವೆಗಳಲ್ಲೂ ಕೊಡುಕೊಳ್ಳುವುದು ನಡೆದಿರಬಹುದು. 1961ರಿಂದ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಆದರೂ ಈ ದೇಶದಲ್ಲಿ ದೊಡ್ಡಮನೆಯ ಮದುವೆಗಳು ಹೇಗೆ ನಡೆಯುತ್ತವೆಂದು ನಿಮಗೆ ನಾನು ಹೇಳಬೇಕೇ? ನಾಳೆ ಅವರ ನೆಂಟರ ಮನೆಯ ಹೆಣ್ಣೇ ನಿಮ್ಮ ಬಾಗಿಲಿಗೆ ಬಂದರೆ? ‘ಈ ಒಂದು ಪ್ರಕರಣ ಬಿಟ್ಟುಬಿಡಿ’ ಎಂದು ಫೋನು ಬಂದರೆ? ಅದಕ್ಕೆ ಉತ್ತರ ಆ ದಿನ ಹುಡುಕಬಾರದು. ಹಣ ಬರುವ ಮೊದಲೇ ಒಪ್ಪಂದದಲ್ಲಿ ಒಂದು ಸಾಲು ಬರೆಸಿ: ‘ಯಾವ ಪ್ರಕರಣ ತೆಗೆದುಕೊಳ್ಳಬೇಕು, ಹೇಗೆ ನಡೆಸಬೇಕು ಎಂಬುದು ಸಂಘಟನೆಯ ತೀರ್ಮಾನ, ಪ್ರಕರಣಗಳ ಫೈಲು ದಾನಿಗಳಿಗೆ ತೋರಿಸುವುದಿಲ್ಲ.’ ಒಳ್ಳೆಯ ದಾನಿ ಇದಕ್ಕೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಆ ಹಣ ಬೇಡ, ವಂತಿಗೆ ಎತ್ತೋಣ, ಕೆಲಸ ಸಣ್ಣದಾಗಿಯೇ ನಡೆಯಲಿ.

ಗೆಳತಿಯರೆ, ಹಣ ಕೇಳಲು ತಲೆ ತಗ್ಗಿಸಬೇಕಿಲ್ಲ. ಪೈಸೆ ಪೈಸೆಗೂ ಲೆಕ್ಕ ಕೊಡೋಣ, ಗಡುವಿಗೆ ಮೊದಲೇ ವರದಿ ಕಳಿಸೋಣ, ಆದರೆ ನಂಬಿ ಬಂದ ಹೆಣ್ಣಿನ ಗುಟ್ಟನ್ನು ಯಾರಿಗೂ ಕೊಡದಿರೋಣ. ಇಂದು ಮಧ್ಯಾಹ್ನ ಮೂರು ಊರಿನವರೂ ಗುಂಪುಗಳಾಗಿ ಕೂತು ನಿಮ್ಮ ನಿಮ್ಮ ನಮೂನೆಯ ಒಂದೊಂದು ಅಂಕಣವನ್ನೂ ಓದಿ, ‘ಇದನ್ನು ತುಂಬಲು ಹೊರಟರೆ ನಮ್ಮ ಬಾಗಿಲಿಗೆ ಬಂದವಳಿಗೆ ಏನಾಗುತ್ತದೆ?’ ಎಂದು ಕೇಳಿಕೊಳ್ಳಿ. ಉತ್ತರ ಸರಿ ಅನ್ನಿಸಿದರೆ ಸಹಿ ಹಾಕಿ.